ಪಿಳ್ಳಪ್ಪನ ವಯಸ್ಸು

ಪೇಟೆ ದಾಟಿ ದಂಡಿಗೆ ಹೋದ ಅಣ್ಣ,
ಜೊತೆಗೆ ಹಲಸೂರಿನ ಶೌರಿ.
ತೂಕ ಸಾಲದೆಂದು ದಾರಿಯಲ್ಲೇ
ಎರಡು ಚಿಪ್ಪು ಬಾಳೆಹಣ್ಣು ತಿಂದರಂತೆ.
ಸಿಪ್ಪೆಯನ್ನೂ ಬಿಡಲಿಲ್ಲ ಎಂದ ಶೌರಿ,
ಕೆಮ್ಮಿ ಸಿಕ್ಕಿಬಿದ್ದು ವಾಪಸು ಬಂದವನು.

ಮೀಸೆಗೆ ನಮ್ಮ ಬುಡ್ಡಿದೀಪದ ಮಸಿ.
ಬೆವರಿಗೆ ಅದು ತುಟಿಗಿಳಿದಾಗ
ಹವಾಲ್ದಾರ ತನ್ನ ಕರ್ಚೀಫು ಕೊಟ್ಟು
"ಒರೆಸ್ಕೋ" ಅಂದ.
ಆಮೇಲೆ ಬರೆದುಕೊಂಡ: ಹದಿನೆಂಟು.

ಅವ್ವ ಇಟ್ಟ ಹೆಸರೇ ಪಿಳ್ಳಪ್ಪ.
ಕೂಗಿದರೆ ಇಡೀ ತಿಗಳರಪೇಟೆಗೆ ಗೊತ್ತು
ಕೂಗಿದ್ದು ಹುಡುಗನನ್ನು ಅಂತ.
ಬರ್ಮಾದಿಂದ ಒಂದೇ ಕಾಗದ ಬಂತು:
ಬೂಟು ದೊಡ್ಡದು, ಬಟ್ಟೆ ತುರುಕಿದ್ದೇನೆ.
ನನ್ನ ಬುಗುರಿ ತಮ್ಮನ ಕೈಗೆ ಕೊಡಬೇಡಿ.

ಕೊಡಲಿಲ್ಲ. ಈಗಲೂ ಟ್ರಂಕಿನಲ್ಲಿದೆ,
ಚಾಟಿ ಮಾತ್ರ ಗೆದ್ದಲು ತಿಂದಿದೆ.

ಯುದ್ಧ ಮುಗಿದ ಮೇಲೆ
ಹಣದ ಗುಮಾಸ್ತ ಕಾಗದ ಸರಿಸಿದ.
"ಹದಿನಾಲ್ಕು ಸ್ವಾಮಿ ನನ್ನ ಮಗನಿಗೆ, ಹೋದಾಗ.
ಕರಗದ ಹಿಂದಿನ ರಾತ್ರಿ ಹುಟ್ಟಿದವನು."
"ಹದಿನಾಲ್ಕಾದರೆ ಅವನು ಸಿಪಾಯಿಯೇ ಅಲ್ಲಮ್ಮ.
ಸಿಪಾಯಿ ಅಲ್ಲ ಅಂದಮೇಲೆ
ನಮ್ಮ ಲೆಕ್ಕದಲ್ಲಿ ಸತ್ತೂ ಇಲ್ಲ."

ಸತ್ತಿಲ್ಲ ಅಂದದ್ದಕ್ಕೆ
ಅವ್ವ ಥಟ್ಟನೆ ಮುಖವೆತ್ತಿದಳು.
ಒಂದು ಗಳಿಗೆ, ಅಷ್ಟೇ.
ಆಮೇಲೆ ನನ್ನ ಹರಿದ ಅಂಗಿ ನೋಡಿದಳು.

ಒತ್ತಿದಳು ಹೆಬ್ಬೆಟ್ಟು:
ಮದುವೆಗೂ ಎರಡು ವರ್ಷ ಮೊದಲು,
ತಾನೇ ಹನ್ನೊಂದರ ಹುಡುಗಿಯಾಗಿದ್ದಾಗ
ಹೆತ್ತೆನು ಇವನನ್ನು ಎಂದು.
ಬೆರಳಿನ ಮಸಿ ಸೆರಗಿಗೆ ಒರೆಸಿಕೊಂಡಳು.