ನೀರುಗಂಟಿಯ ಎದೆ

ಆ ಕೋಣೆಯಲ್ಲಿ ಎಲ್ಲರ ಕಣ್ಣೂ ಯಕೃತ್ತಿನ ಮೇಲೆ.
ಹೃದಯದ ವಕಾಲತ್ತು ಹಿಡಿದು
ತಲೆದೆಸೆಯಲ್ಲಿ ಕೂತವಳು ನಾನೊಬ್ಬಳೇ,
ಮತ್ತು ಬರಿಸುವ ಡಾಕ್ಟರು.

ಡೌವೆ ಟರ್ಪ್‌ಸ್ಟ್ರಾ, ಅರವತ್ತೇಳು.
ಲೆಮ್ಮರಿನ ಆಚೆ ಕಾಲುವೆಯ ಬಾಗಿಲು ಕಾಯುತ್ತಿದ್ದವನು,
ನಮ್ಮ ಫ್ರೀಸ್‌ಲ್ಯಾಂಡಿನ ನೀರುಗಂಟಿ.
ಎಡಗಣ್ಣು ಗಾಜಿನದು.
ಒಂಬತ್ತು ವರ್ಷದ ಹಿಂದೆ ಒಳಗೊಂದು ಕಪ್ಪು ಮಚ್ಚೆ ಕಂಡು
ಕಣ್ಣಿನ ಸಮೇತ ತೆಗೆದಿದ್ದರು.
ಒಂದು ಕಾಳು ಅದಕ್ಕೂ ಮೊದಲೇ ಜಾರಿರಬೇಕು;
ಇಷ್ಟು ದಿನ ಸದ್ದಿಲ್ಲದೆ ಬಿದ್ದುಕೊಂಡಿದ್ದು
ಈಗ ಯಕೃತ್ತಿನ ತುಂಬ ಮೊಳಕೆ.

ಹಿಂದಿನ ದಿನ ಊಟದ ಚೀಟಿಯ ಬೆನ್ನಿಗೆ ಚಿತ್ರ ಬರೆದು ವಿವರಿಸಿದೆ:
ತೊಡೆಸಂದಿನಿಂದ ಒಂದು ನಳಿಕೆ ಯಕೃತ್ತಿನ ಧಮನಿಗೆ, ಅಲ್ಲಿ ಔಷಧ.
ಇನ್ನೊಂದು ಮಹಾಸಿರೆಗೆ. ಅದರಲ್ಲಿ ಎರಡು ಬಲೂನು,
ಮೇಲೊಂದು, ಕೆಳಗೊಂದು.
ಉಬ್ಬಿದರೆ ವಿಷದ ರಕ್ತ ನಡುವೆ ಸೆರೆ.
ಹೊರಗೆ ಸೆಳೆದು, ಇದ್ದಿಲಿನಲ್ಲಿ ಸೋಸಿ,
ಕುತ್ತಿಗೆಯಿಂದ ವಾಪಸು ಬಿಡುತ್ತೇವೆ.

ಅವನು ನಕ್ಕ. "ಇದು ನನ್ನ ಬಾಗಿಲು, ಡಾಕ್ಟರೇ.
ಮೂವತ್ತೊಂದು ವರ್ಷ ಮಾಡಿದ ಕೆಲಸ."
ಆಮೇಲೆ ಹುಬ್ಬು ಗಂಟಿಕ್ಕಿ:
"ಹಾಕಿದಾಗ ಕೆಳಗಿನ ನೀರು ಎಲ್ಲಿಗೆ ಹೋಗುತ್ತೆ?"

ಹೋಗೋದಿಲ್ಲ, ಅಂದೆ.
ಕಾಲಿನ ರಕ್ತ ಬಹುಪಾಲು ಕಾಲಲ್ಲೇ ನಿಲ್ಲುತ್ತೆ.
ಹೃದಯ ಕೊಡ ಎತ್ತಿ ನೋಡಿದರೆ ಅರ್ಧ ಖಾಲಿ.
ಆ ಜರಡಿಗೂ ವಿವೇಚನೆಯಿಲ್ಲ,
ವಿಷದ ಜೊತೆಗೆ
ಎದೆಗೆ ಆಸರೆಯೆಂದು ಮೈ ತಾನೇ ಬಸಿಯುವ ರಸವನ್ನೂ ಹೀರಿಬಿಡುತ್ತೆ.
ಅದಕ್ಕೇ ನಿಮ್ಮಿಂದ ಸೈಕಲ್ಲು ತುಳಿಸಿದ್ದು,
ತಣ್ಣನೆ ಜೆಲ್ ಹಚ್ಚಿ ಎದೆಯ ಕವಾಟಗಳನ್ನು
ಒಂದೊಂದಾಗಿ ನೋಡಿದ್ದು.

"ಮಟ್ಟ ಸರಿಹೋಗುವ ತನಕ ಕೈ ಹಚ್ಚಬೇಡಿ," ಅಂದ.
"ನಾನು ಕಂಡಿದ್ದೀನಿ. ಅವಸರ ಮಾಡಿದವನದು
ದೋಣಿ ಅಲ್ಲ, ಮೊದಲು ಹಗ್ಗ ಹರಿಯುತ್ತೆ."

ಹತ್ತೂ ಹನ್ನೆರಡಕ್ಕೆ ಬಲೂನು ಉಬ್ಬಿತು.
ತೊಂಬತ್ತು.
ಎಪ್ಪತ್ತು.
ಐವತ್ತೊಂದು.
ಪರದೆಯ ಹಸಿರು ಗೆರೆ ಒಂದೆಡೆ ಸೊಂಟ ಬಗ್ಗಿಸಿತು.
ನಿಲ್ಲಿ, ಅಂದೆ.
ಔಷಧ ಹಿಡಿದ ಕೈ ನಿಂತಿತು. ಪಂಪಿನ ಮುಂದೆ ಹಿಲ್ಕೆ ನಿಂತಳು.
ಸಿರಿಂಜಿನ ಮೇಲೆ ನನ್ನ ಹೆಬ್ಬೆರಳು ಮಾತ್ರ
ಇರುವೆಯಂತೆ ಮುಂದೆ ಮುಂದೆ.
ಇನ್ನೂ ಎಷ್ಟು ಹೊತ್ತು, ಅಂತ ಯಾರೋ ಕೇಳಿದರು.
ಮಟ್ಟ ಸರಿಹೋಗುವ ತನಕ.
ಅದು ನನ್ನ ಮಾತಲ್ಲ ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾಲ್ಕು ನಿಮಿಷ. ಅರವತ್ತೈದು. ಎಪ್ಪತ್ತೆರಡು. ಗೆರೆ ನೆಟ್ಟಗಾಯಿತು.
ಆಮೇಲೆ ಅರ್ಧ ಗಂಟೆ ಔಷಧ,
ಯುದ್ಧದ ಸಾಸಿವೆ ಅನಿಲದ ದೂರದ ಮೊಮ್ಮಗ,
ಮತ್ತೆ ಅರ್ಧ ಗಂಟೆ ಬರೀ ತೊಳೆಯುವುದು.

ರಾತ್ರಿ ಟ್ರೋಪೋನಿನ್ ಏರಿತ್ತು.
ಹೃದಯ ಬರೆದ ಸಣ್ಣ ತಕರಾರು ಅರ್ಜಿ.
ಬೆಳಗ್ಗೆ ಇಳಿದಿತ್ತು. ಅವನು ಗಂಜಿ ಕುಡಿದು
ಉಪ್ಪು ಸಾಲದು ಅಂತ ಬೈದ.

ಆರು ವಾರ ಕಳೆದಿದೆ. ಮೊಳಕೆಗಳು ಮುದುಡಿವೆ.
ಸ್ಕ್ಯಾನು ತೋರಿಸುವವರ ಮುಖ ಹಬ್ಬದ ಮುಖ.
ಇನ್ನೊಂದು ಸುತ್ತು, ಅನ್ನುತ್ತಾರೆ.
ಬಹುಪಾಲು ಜನರ ಎದೆಗೆ ಏನೂ ಆಗೋದಿಲ್ಲ, ಅನ್ನುತ್ತಾರೆ.
ನಿಜ.
ಬಹುಪಾಲು ಅನ್ನುವ ಹೆಸರಿನ ರೋಗಿ
ನನ್ನ ಮೇಜಿನ ಮೇಲೆ ಇನ್ನೂ ಮಲಗಿಲ್ಲ.

ಇವತ್ತು ಬಂದಿದ್ದ. ಅಂಗಿ ಎತ್ತಿ ಕೂತ.
ಕಿವಿಯಲ್ಲಿ ಲಬ್‌ಡಬ್, ನಡುವೆ ಒಂದು ಹೆಜ್ಜೆ ತಪ್ಪಿ ಮತ್ತೆ ಸೇರಿಕೊಂಡಿತು.
ಎಲ್ಲರಿಗೂ ತಪ್ಪುತ್ತೆ. ನನಗೂ.
"ಏನಂತೆ?" ಅಂದ, ನನ್ನದಲ್ಲ, ಅದರ ಅಭಿಪ್ರಾಯ ಕೇಳುವವನ ಹಾಗೆ.
ಮುಂದಿನ ವಾರ ಹೇಳ್ತೀನಿ, ಅಂದೆ.

ಗಾಜಿನ ಕಣ್ಣು ಒರೆಸಿಕೊಳ್ಳುತ್ತ ಬಾಗಿಲಲ್ಲಿ ತಿರುಗಿದ.
"ಮಾಡೋದಾದರೆ, ಬಲೂನು ಉಬ್ಬಿಸೋ ಮೊದಲು ನನಗೆ ಹೇಳಿ."
ನಿದ್ದೆಯಲ್ಲಿರ್ತೀರಿ ನೀವು, ಅಂದೆ.
"ಆದರೂ ಹೇಳಿ.
ಗಂಟೆ ಬಾರಿಸದೆ ನಾನು ಯಾವತ್ತೂ
ಬಾಗಿಲು ಹಾಕಿದವನಲ್ಲ."