ಗೇಟಿನ ಈಚೆ

ಇಲ್ಲಿ ಗಾಳಿಗೆ ತಡೆಯೇ ಇಲ್ಲ.
ಎಂಬತ್ತು ಮೈಲಿ ಬಯಲು, ನಡುವೆ ಒಂದು ಡಾಂಬರು ಗೀರು,
ಆಮೇಲೆ ಘಟ್ಟ.
ಘಟ್ಟದ ಬುಡದಲ್ಲಿ ನನ್ನ ತಗಡಿನ ಶೆಡ್ಡು,
ಉಪ್ಪು ಬೆರೆಸಿದ ಮರಳಗುಡ್ಡೆ,
ಹಿಮ ತಳ್ಳುವ ಲಾರಿ ಎರಡು – ಒಂದು ಕೆಟ್ಟು ನಿಂತದ್ದು –
ಮತ್ತು ರಸ್ತೆಗೆ ಅಡ್ಡ ಬೀಳುವ ಕಬ್ಬಿಣದ ತೋಳು.
ಬೀಗದ ಕೈ ನನ್ನ ಸೊಂಟದಲ್ಲಿ.

ಇಪ್ಪತ್ತಾರು ಚಳಿಗಾಲ ಇದೇ ಮಾತು:
ಹೋಗಬಹುದು, ಹೋಗುವಂತಿಲ್ಲ.
ಬೈದವರಿದ್ದಾರೆ, ಚೀಲದಿಂದ ಬಾದಾಮಿ ತೆಗೆದು
ಪುಸಲಾಯಿಸಿದವರಿದ್ದಾರೆ.
ಖಾಲಿ ಲಾರಿಯನ್ನು ವೈಯೋಮಿಂಗಿನ ಗಾಳಿ
ಬೆಂಕಿಪೊಟ್ಟಣದ ಹಾಗೆ ಮಗುಚುವುದನ್ನು
ಅವರು ನೋಡಿಲ್ಲ.

ನಿನ್ನೆ ಮಬ್ಬಾಗುವ ಹೊತ್ತಿಗೆ ಬಂದದ್ದು
ಕಪ್ಪನೆಯ ಉದ್ದ ಕಾರು.
ಗಾಜಿಳಿಸಿದ ಹುಡುಗ ಡ್ವೇನ್. ಕೋಟು ಅವನ ಅಳತೆಯದಲ್ಲ.
"ನಾಳೆ ಹತ್ತಕ್ಕೆ ಮಣ್ಣು, ಆಚೆ ಊರಲ್ಲಿ. ಜನ ಕಾಯ್ತಿರ್ತಾರೆ."
"ಒಳಗೆ ಯಾರು?"
"ಇರಿಯಾರ್ತೆ. ಬೆನ್ಯಾತ್ ಇರಿಯಾರ್ತೆ."

ಅಯ್ಯೋ ಮುದುಕಾ.

ನಾನು ಕೆಲಸಕ್ಕೆ ಸೇರಿದ ಮೊದಲ ಜೂನು
ಇದೇ ತಿರುವಿನಲ್ಲಿ ಅಡ್ಡ ನಿಂತಿದ್ದೆ ನೀನು,
ಎರಡು ಸಾವಿರ ಕುರಿ, ಒಂದು ಕುಂಟು ನಾಯಿ,
ಹಲ್ಲಿನ ಸಂದಿನಲ್ಲಿ ಬಾಸ್ಕ್ ಭಾಷೆಯ ಯಾವುದೋ ಗೊಣಗು.
ನನ್ನ ಲಾರಿಯ ತುಂಬ ಹೊಗೆಯಾಡುವ ಡಾಂಬರು.
ನಲವತ್ತು ನಿಮಿಷ!
ಗಟ್ಟಿಯಾಗಿಬಿಡುತ್ತೆ ಮಾರಾಯ ಅಂತ ಕಿರುಚಿದರೆ
ಟೋಪಿ ಎತ್ತಿ ಹೇಳಿದ್ದೆ:
"ರಸ್ತೆಗಿಂತ ಮುಂಚೆ ಕುರಿ ಬಂದವು, ಮಗಳೇ."

ಗೇಟು ತೆಗೆಯಲಿಲ್ಲ ನಾನು.
ಹುಡುಗನಿಗೆ ಡಬ್ಬಿಯ ಬೀನ್ಸ್ ಬಿಸಿ ಮಾಡಿ ಕೊಟ್ಟು
ಮಂಚ ತೋರಿಸಿದೆ.
ಕಾರನ್ನು ಶೆಡ್ಡಿನೊಳಗೆ ತರಿಸಿದೆ, ಕೆಟ್ಟ ಲಾರಿಯ ಪಕ್ಕಕ್ಕೆ.
ಅಲ್ಲಿ ಹೀಟರು ಹಚ್ಚಲಿಲ್ಲ;
ಯಾಕೆಂದು ಹುಡುಗ ಕೇಳಲಿಲ್ಲ.
ರಾತ್ರಿಯೆಲ್ಲ ತಗಡು ಬಡಿದುಕೊಂಡಿತು.
ರೇಡಿಯೋದಲ್ಲಿ ಕರಕರ, ನಡುನಡುವೆ ದನದ ಧಾರಣೆ.
ಎರಡು ಸಲ ಎದ್ದು ಹೋದೆ.
ಹಟ್ಟಿಯ ಕುರಿ ಎಣಿಸಲು ಬಂದವಳ ಹಾಗೆ
ಟಾರ್ಚು ಹಿಡಿದು ನಿಂತೆ, ಒಂದೇ ಒಂದು.
ಇಷ್ಟು ತಾಳ್ಮೆಯಿಂದ ಕಾದವರನ್ನು
ಈ ಗೇಟು ಕಂಡಿಲ್ಲ.

ಬೆಳಗಿನ ಜಾವ ಗಾಳಿ ಬಿತ್ತು.
ಅಲಗು ಇಳಿಸಿ ಮುಂದೆ ನಾನು, ಹಿಂದೆ ಅವರಿಬ್ಬರು.
ಕಂಬಗಳ ಕಿತ್ತಳೆ ತುದಿ ಬಿಟ್ಟರೆ
ರಸ್ತೆ ಎಲ್ಲಿದೆ ಎಂದು ಹೇಳುವವರಿಲ್ಲ.
ಹಿಮ ಎರಡೂ ಬದಿಗೆ ಉಬ್ಬಿ ಉಬ್ಬಿ ಸರಿಯಿತು,
ಉಣ್ಣೆಯ ಮೈಗಳು ಒಂದನ್ನೊಂದು ನೂಕಿಕೊಂಡು
ಕೊನೆಗೂ ದಾರಿ ಬಿಟ್ಟ ಹಾಗೆ.
ಗಂಟೆಗೆ ಹನ್ನೆರಡು ಮೈಲಿ.
ಅದಕ್ಕಿಂತ ಜೋರು ಓಡಿಸಲು ಮನಸ್ಸಾಗಲಿಲ್ಲ.

ನೆತ್ತಿಯಲ್ಲಿ ನನ್ನ ಸರಹದ್ದು ಮುಗಿಯುತ್ತದೆ.
ಪಕ್ಕಕ್ಕೆ ಸರಿದು ಎಂಜಿನ್ ಆರಿಸಿದೆ.
ಕಪ್ಪು ಕಾರು ದಾಟಿ ಇಳಿಜಾರಿಗೆ ಬಿದ್ದಿತು.
ಟೋಪಿ ತೆಗೆಯೋಣವೆಂದರೆ
ಗದ್ದದ ಪಟ್ಟಿ ಹೆಪ್ಪುಗಟ್ಟಿ ಬಿಚ್ಚಲೇ ಇಲ್ಲ.

ವಾಪಸು ಬಂದು ದಿನಚರಿ ಪುಸ್ತಕದಲ್ಲಿ ಬರೆದೆ:
ತೆರೆದದ್ದು ಐದು ಹತ್ತಕ್ಕೆ. ವಾಹನ ಎರಡು.
ತಡವಾದ ಕಾರಣ: ಕುರಿ.
ಆಮೇಲೆ ಗೀಟು ಹಾಕಿ
ಹಿಮ ಎಂದು ತಿದ್ದಿದೆ.