ಹೊರಬೀಡು

ನಾನು ನೀರುಗಂಟಿ.
ಚಳ್ಳಕೆರೆ ಕಡೆಯ ನಮ್ಮ ಹಟ್ಟಿಯಲ್ಲಿ
ಯಾವ ಮನೆಯ ಕೊಡ ಎಷ್ಟು ಹೊತ್ತಿಗೆ ತುಂಬುತ್ತದೆಂದು
ದೇವರಿಗಿಂತ ಮೊದಲು ನನಗೆ ಗೊತ್ತು.

ಆ ಬೇಸಿಗೆ ಗೊತ್ತಿದ್ದುದೆಲ್ಲ ತಲೆಕೆಳಗಾಯಿತು.
ಟಾರು ರಸ್ತೆಗೆ ಅಡ್ಡ ಜಾಲಿಮುಳ್ಳು ಎಳೆದವರು
ಪೊಲೀಸರಲ್ಲ, ನಾವೇ.
ನಾನೂ ಎರಡು ಹೊರೆ ಕಡಿದು ತಂದಿದ್ದೆ.
ಬಳೆಗಾರ ಮುಳ್ಳಿನಾಚೆಯಿಂದ ಕೂಗಿ ಹೋದ.
ಮೊಸರಿನವಳನ್ನು ಬೈದು ಕಳಿಸಿದೆವು,
ಅವಳ ತವರು ಇದೇ ಹಟ್ಟಿ.

ಆಮೇಲೆ ಪಾಲಯ್ಯ ಬಂದ, ಈರುಳ್ಳಿ ಲಾರಿಯ ಕ್ಲೀನರ್,
ಸೊಲ್ಲಾಪುರದಿಂದ, ರಾತ್ರಿ, ಹಳ್ಳದ ದಾರಿ ಹಿಡಿದು.
ಮುಳ್ಳು ನೆಂಟರನ್ನು ತಡೆದೀತು,
ಇಲ್ಲೇ ಹುಟ್ಟಿದವನನ್ನು ಹೇಗೆ ತಡೆದೀತು?
ಮೂರನೇ ದಿನಕ್ಕೆ ಕೆಮ್ಮು.
ಆಂಬುಲೆನ್ಸ್ ಅವನನ್ನು ದುರ್ಗಕ್ಕೆ ಒಯ್ದಿತು.
ಆಶಾ ದ್ಯಾಮಕ್ಕ ಬಾಗಿಲಿಗೆ ಕಾಗದ ಅಂಟಿಸಲು ಬಂದಳು.
ಗೋಂದು ಒಣಗಿತ್ತು. ಬೀದಿಯಲ್ಲಿ ಒಂದು ಹಿಡಿ ಅನ್ನ ಕೇಳಿದಳು.
ಯಾರೂ ಕೊಡಲಿಲ್ಲ.
ಕೊನೆಗೆ ಒಳಗಿನಿಂದ ಪಾಲಯ್ಯನ ತಾಯಿ ಸೂರಮ್ಮನೇ
ಕಿಟಕಿಯಲ್ಲಿ ಬಟ್ಟಲು ಇಟ್ಟಳು,
ತನ್ನ ಬಾಗಿಲಿಗೆ ತನ್ನದೇ ಅಗುಳು.

ಹದಿನಾಲ್ಕು ದಿನ.
ಒಳಗೆ ಸೂರಮ್ಮ, ಬಸುರಿ ಸೊಸೆ, ಒಂದು ಮೇಕೆ.

ಹಿರಿಯರು ಕಟ್ಟೆಯ ಮೇಲೆ ಕೂತರು,
ಒಬ್ಬರಿಗೊಬ್ಬರು ತಾಕದಂತೆ, ಅಷ್ಟು ಕಲಿತಿದ್ದರು.
ಯಜಮಾನ ಕಾಟಯ್ಯ ಬಾಯಿಬಿಟ್ಟ:
"ನಮ್ಮಜ್ಜ ಪ್ಲೇಗ್ ಬಂದಾಗ ಊರು ಬಿಟ್ಟ,
ನಮ್ಮಪ್ಪ ಕಾಲರಾ ಬಂದಾಗ ಬಿಟ್ಟ.
ಒಂದು ಹಗಲು ಹಟ್ಟಿ ಖಾಲಿ ಇರ್ಬೇಕು.
ಒಲೆ ಹೊತ್ತಬಾರ್ದು, ಕಸ ಹೊಡೀಬಾರ್ದು.
ಮನುಷ್ಯರ ವಾಸ್ನೆ ಇಲ್ದಿದ್ರೆ ಮಾರಿಗೇನು ಕೆಲ್ಸ?"

ದ್ಯಾಮಕ್ಕ ಛತ್ರಿ ಮಡಚಿ ಬಿಸಿಲಲ್ಲೇ ನಿಂತಳು.
"ಸರ್ಕಾರ ಒಳಗಿರ್ರಿ ಅಂತೈತೆ, ನೀವು ಹೊರಗೆ ಅಂತೀರಿ.
ಎರಡೂ ದೂರ ಇರ್ರಿ ಅನ್ನೋದೇ ಅಲ್ವಾ?
ಹೋಗ್ರಿ. ಒಂದು ಮರಕ್ಕೆ ಒಂದೇ ಮನೆ.
ತಾಸೀಲ್ದಾರ್ರು ಕೇಳಿದ್ರೆ ಹೊಲದ ಕೆಲಸ ಅಂತೀನಿ."

ಕಾಟಯ್ಯ ಬಹಳ ಹೊತ್ತು ಗಡ್ಡ ಕೆರೆದುಕೊಂಡ.
"ಮತ್ತೆ ಆ ಮನೆ?"

ಪದ್ಧತಿಯ ಪ್ರಕಾರ ಅವರು ಒಳಗಿರುವ ಹಾಗಿಲ್ಲ,
ಕಾಗದದ ಪ್ರಕಾರ ಹೊರಗೆ ಬರುವ ಹಾಗಿಲ್ಲ.
"ಹೊರಗಿನಿಂದ ಬೀಗ ಜಡೀರಿ, ಇಲ್ಲದಂಗೇ ಲೆಕ್ಕ"
ಅಂದವನ ಹೆಸರು ನಾನು ಹೇಳುವುದಿಲ್ಲ,
ಅವನ ಮನೆಗೂ ನೀರು ಬಿಡುವವನು ನಾನೇ.
ಏನೂ ತೀರ್ಮಾನವಾಗದೆ ಸಭೆ ಎದ್ದಿತು.

ಮಂಗಳವಾರ ನಸುಕಿಗೆ ಹಟ್ಟಿಗೆ ಹಟ್ಟಿಯೇ ಹೊರಟಿತು:
ಕೋಳಿಬುಟ್ಟಿ, ರಾಗಿಹಿಟ್ಟು, ಮುದುಕಿಯರು, ಚಾರ್ಜು ತುಂಬಿದ ಫೋನು.
ಬೇವಿಗೊಂದು ಮನೆ, ಹೊಂಗೆಗೊಂದು, ಹುಣಸೆಗೊಂದು.
ಮರ ಸಿಗದವರು ಸೀರೆ ಕಟ್ಟಿ ನೆರಳು ಮಾಡಿಕೊಂಡರು.
ಕೈಕೊಸರಿ ಓಡುವ ಮಕ್ಕಳನ್ನು ಹಗ್ಗದಷ್ಟೇ ಉದ್ದದ ಬೈಗುಳದಲ್ಲಿ
ಕಟ್ಟಿಹಾಕಿದ್ದರು.
ಗುಡ್ಡದ ಮೇಲಿನ ಗಾಳಿಯಂತ್ರಗಳೂ ಅವತ್ತು
ಆಜ್ಞೆ ಕೇಳಿಸಿಕೊಂಡವರಂತೆ ಕೈ ಚಾಚಿ ನಿಂತುಬಿಟ್ಟಿದ್ದವು.

ವಾಲ್ವಿನ ಕೀಲಿ ನನ್ನ ಸೊಂಟದಲ್ಲಿತ್ತು.
ಹೊರಡುವಾಗ ಎಲ್ಲ ಬೀದಿ ಮುಚ್ಚಿದ್ದೆ,
ಒಂದು ಮರೆತೆ.
ಮರೆತೆ ಅಂತಲೇ ಇಟ್ಟುಕೊಳ್ಳಿ.

ಹೊತ್ತು ನೆತ್ತಿಗೆ ಬಂದಾಗ
ಶೇಂಗಾ ಹೊಲದ ಬದುವಿನಿಂದ ಕಂಡಿತು:
ಖಾಲಿ ಹಟ್ಟಿಯ ನಡುವೆ ಒಂದೆಳೆ ಹೊಗೆ,
ಏಳಲೋ ಬೇಡವೋ ಎಂಬಂತೆ, ನೀಲಿಯಾಗಿ.
ಮರದಿಂದ ಮರಕ್ಕೆ ಮಾತು ನಿಂತಿತು.
ಇವತ್ತು ಏಳಬಾರದ ಹೊಗೆ.
ಸೂರಮ್ಮ ಒಲೆ ಹೊತ್ತಿಸಿದ್ದಾಳೆ.
ಅಂದರೆ ಎದ್ದು ಕೂತಿದ್ದಾಳೆ.
ಅಂದರೆ ಸೊಸೆಗೆ ಹಸಿವಾಗಿದೆ.
ಅಂದರೆ ನೀರು ಬಂದಿದೆ.
(ಇದನ್ನು ನಾನೊಬ್ಬನೇ ಅಂದುಕೊಂಡೆ.)

ಎಲ್ಲರ ಮುಖ ಕಾಟಯ್ಯನ ಹುಣಸೆಯ ಕಡೆ.
ಹುಬ್ಬಿಗೆ ಕೈ ಅಡ್ಡವಿಟ್ಟು ನೋಡಿದ,
ಇನ್ನೊಮ್ಮೆ ನೋಡಿದ.
"ಧೂಳು" ಅಂದ. "ಗಾಳಿ ಎದ್ದೈತೆ."

ಹೂಂ, ಧೂಳು, ಅಂದಿತು ಬೇವು.
ಧೂಳೇ, ಅಂದಿತು ಹೊಂಗೆ.
ಬೀಗದ ಮಾತಾಡಿದವನ ಜಾಲಿಯೂ
ತಡವಾಗಿ, ಗಂಟಲು ಕೆರೆದುಕೊಂಡು: ಧೂಳು.

"ಹೊಗೆ ಕಣವ್ವಾ" ಅಂತು ಒಂದು ಮಗು.
ತಾಯಿ ಅದರ ಮಾಸ್ಕನ್ನು
ಮೂಗಿನ ಮೇಲಕ್ಕೆ ಎಳೆದಳು.